ಅಣೆಕಟ್ಟಿನ ಕೆಳಗೆ ಊಟದ ಭೋಂಗಾ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಆರಕ್ಕೆ ಬೆಟಗೇರಿ ಬಿಟ್ಟೆವು: ನಾನು, ಸೋದರತ್ತೆ ನೀಲವ್ವ, ಕಾರು ನಡೆಸುತ್ತಿದ್ದ ಅವರ ಮಗ ಬಸಣ್ಣ. ನಲವತ್ತು ವರ್ಷ ಸೀರೆ ನೇಯ್ದ ಅತ್ತೆಗೆ ಒಮ್ಮೆ ಅಣೆಕಟ್ಟು ನೋಡುವ ಆಸೆ. ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು ಬರುವ ಓಣಿಯವರು ನಾವು.

ಹುಬ್ಬಳ್ಳಿಯಲ್ಲಿ ಚಹಾ ಕುಡಿದೆವು. ಕಲಘಟಗಿ ದಾಟಿದ ಮೇಲೆ ಕಾಡು ಶುರುವಾಯಿತು. ಹನ್ನೊಂದಕ್ಕೆ ಅಣೆಕಟ್ಟಿನೆದುರು ನಿಂತಾಗ ಗುಡ್ಡಗಳ ನಡುವೆ ಕಣ್ಣು ಹಾಯುವವರೆಗೂ ನೀರು.

"ಇಷ್ಟು ನೀರಿದ್ದೂ ನಮ್ಮ ನಳಕ್ಕ ಯಾಕ ಬರವಲ್ದು?" ಎಂದರು ಅತ್ತೆ.

"ಇದು ಕರೆಂಟ್ ಮಾಡೋ ನೀರು, ಯವ್ವಾ" ಎಂದ ಬಸಣ್ಣ.

"ಕರೆಂಟರ ಎಲ್ಲಿ ನೆಟ್ಟಗ ಬರತೈತಿ?"

ಬುತ್ತಿ ಉಣ್ಣಲು ಜಾಗ ಹುಡುಕುತ್ತ ಮೂರು ಕಿಲೋಮೀಟರ್ ಕೆಳಗೆ ಹೋದೆವು. ವಿದ್ಯುದಾಗಾರದ ಆಚೆ ನದಿ ಬರೀ ಬಂಡೆಗಳಾಗಿತ್ತು. ಅಲ್ಲಲ್ಲಿ ಪಾದ ಮುಳುಗುವಷ್ಟು ತಿಳಿನೀರು. ದಂಡೆಯ ಮೇಲೊಂದು ಎಚ್ಚರಿಕೆ ಫಲಕ. ಬಸಣ್ಣ ಅದಕ್ಕೆ ಒರಗಿ ನಿಂತ. ಫೋಟೊ ತೆಗೆದವಳು ಎಂ.ಎ. ಓದಿದ ನಾನು. ಫಲಕವನ್ನು ಮಾತ್ರ ಓದಲಿಲ್ಲ. ಕಲ್ಲಿನಿಂದ ಕಲ್ಲಿಗೆ ದಾಟಿ, ನದಿಯ ನಡುವಿನ ಚಪ್ಪಟೆ ಬಂಡೆಯ ಮೇಲೆ ಕುಳಿತೆವು.

ಆಗ ಎಲ್ಲಿಂದಲೋ ಉದ್ದಕ್ಕೆ ಭೋಂಗಾ ಕೂಗಿತು. ನಮ್ಮ ಓಣಿಯಲ್ಲಿ ನೂಲಿನ ಗಿರಣಿಯ ಭೋಂಗಾ ಆಯಿತೆಂದರೆ ಊಟದ ಹೊತ್ತು; ಮಗ್ಗಗಳೆಲ್ಲ ನಿಲ್ಲುತ್ತವೆ.

"ಹನ್ನೆರಡಾತು ನೋಡು. ಬುತ್ತಿ ಬಿಚ್ಚವಾ ಸುಮಾ" ಎಂದರು ಅತ್ತೆ. ಬಿಚ್ಚಿದೆ. ಮತ್ತೊಮ್ಮೆ ಕೂಗಿತು. "ಇಲ್ಲಿ ಮಂದಿಗೆ ಭಾಳ ಹಸಿವು ಕಾಣತೈತಿ" ಎಂದು ಬಸಣ್ಣ ನಕ್ಕ.

ಬಂಡೆಯ ಕೆಳಗೆ ಬಿಟ್ಟಿದ್ದ ನನ್ನ ಚಪ್ಪಲಿ ತೇಲಿಕೊಂಡು ಹೋದವು. ಹಿಂತಿರುಗಿ ನೋಡಿದರೆ ನಾವು ದಾಟಿ ಬಂದ ಕಲ್ಲುಗಳೇ ಇಲ್ಲ. ನೀರು ಸದ್ದಿಲ್ಲದೆ ಏರಿತ್ತು. ದಂಡೆಯಿಂದ ಮೀನು ಹಿಡಿಯುವವನೊಬ್ಬ ಚೀರುತ್ತಿದ್ದ: "ಬನ್ನಿ, ಬನ್ನಿ! ಮಷೀನು ಶುರುವಾಗಿದೆ, ನೀರು ಬಿಟ್ಟಿದ್ದಾರೆ!"

ಬಸಣ್ಣ ಮುಂದೆ, ಅತ್ತೆ ನಡುವೆ, ನಾನು ಹಿಂದೆ. ನೀರು ಸೊಂಟಕ್ಕೆ ಬಂದಾಗ ಅತ್ತೆಯ ಕಾಲು ಜಾರಿತು. ನನ್ನ ಕೈಗೆ ಸಿಕ್ಕಿದ್ದು ಸೆರಗೊಂದೇ. ಅವರೇ ನೇಯ್ದ ಸೀರೆ, ಹರಿಯಲಿಲ್ಲ. ಅಷ್ಟರಲ್ಲಿ ಬಸಣ್ಣ ಅವರ ರಟ್ಟೆ ಹಿಡಿದ. ಮೀನಿನವನು ಚಾಚಿದ ಬಿದಿರಿನ ಕೋಲು ಹಿಡಿದು ಮೂವರೂ ದಂಡೆಗೆ ಬಿದ್ದೆವು.

"ರೊಟ್ಟಿ ಡಬ್ಬಿ?" ಎಂದರು ಅತ್ತೆ, ಸೆರಗು ಹಿಂಡುತ್ತ. ನಾವು ಕುಳಿತಿದ್ದ ಬಂಡೆ ಕಾಣಲಿಲ್ಲ. ಆಗ ಫಲಕ ಓದಿದೆ: ಸೈರನ್ ಕೇಳಿದೊಡನೆ ನದಿ ಬಿಟ್ಟು ಮೇಲೆ ಬನ್ನಿ.

ಒದ್ದೆ ಬಟ್ಟೆಯಲ್ಲೇ ಕಾರು ಹತ್ತಿ ಬೆಟಗೇರಿಗೆ ಮರಳಿದೆವು.

ಮರುದಿನ ಮಧ್ಯಾಹ್ನ ನಮ್ಮ ಗಿರಣಿಯ ಭೋಂಗಾ ಆಯಿತು. ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ಅತ್ತೆ ಎರಡೂ ಕಾಲು ಗಕ್ಕನೆ ಮೇಲೆಳೆದುಕೊಂಡರು. ಊಟಕ್ಕೆ ಏಳಲಿಲ್ಲ. ಒಣ ಕುಣಿಯನ್ನೇ ನೋಡುತ್ತ ಕುಳಿತರು.