ಸ್ಪಂಜಿನ ಲೋಳೆ ಮತ್ತು ಮುಳುಗಕ್ಕನ ಸಿಟ್ಟು

ಬೆಳಕು ಹರಿಯುವ ಹೊತ್ತಿಗೆ ಮುಳುಗಕ್ಕ ಸಮುದ್ರದ ಒಂಬತ್ತು ಮಾರು ಆಳದಲ್ಲಿದ್ದಾರೆ. ದೋಣಿಯಲ್ಲಿ ಗಂಡ ಹಗ್ಗ ಹಿಡಿದು ಕೂತಿದ್ದಾರೆ. ಮೂರು ಸಲ ಎಳೆದರೆ ಮೇಲೆತ್ತಬೇಕು. ಅವರು ಮೇಲೆ ಬಂದಾಗ ಬುಟ್ಟಿಯಲ್ಲಿದ್ದದ್ದು ನಾಲ್ಕೇ ತುಂಡು, ಲೋಳೆ ಸುರಿಯುವ ಹಳದಿ ಸ್ಪಂಜು. ಬಂಡೆಯ ಅಡಿಯ ನೆರಳಿನಲ್ಲಿ ಬೆಳೆಯುವ ಜೀವಿ.

"ಬುಡ ಬಿಟ್ಟು ಕೊಯ್ದಿದ್ದೀನಿ. ಈ ವರ್ಷಕ್ಕೆ ಇಷ್ಟೇ. ಇನ್ನು ಮುಟ್ಟಿದ್ರೆ ಬಂಡೆ ಬೋಳಾಗುತ್ತೆ."

ಐವತ್ತೊಂದು ವಯಸ್ಸಿನ ಇವರಿಗೆ ಹತ್ತೊಂಬತ್ತು ವರ್ಷದಿಂದ ಮುಳುಗುವುದೇ ಕೆಲಸ, ದಿನಕ್ಕೆ ನಾಲ್ಕು ಮುಳುಗು. ನೀರಿನ ಒತ್ತಡಕ್ಕೆ ಎಡಗಿವಿ ಹೋಗಿದೆ. "ಅದಕ್ಕೇ ಇವರು ಗೊಣಗೋವಾಗ ಎಡಗಡೇನೇ ಕೂರಿಸ್ಕೊಳ್ಳೋದು," ಎಂದು ಗಂಡನತ್ತ ಕಣ್ಣು ಮಿಟುಕಿಸುತ್ತಾರೆ.

ಸ್ಪಂಜು ಹೋಗುವುದು ಪ್ರಯೋಗಾಲಯಕ್ಕೆ. ಓಡಲಾಗದ ಈ ಜೀವಿಯನ್ನು ಕಾಯುವುದು ಅದರ ಮೈಯಲ್ಲಿರುವ ವಿಷ. ನಾಲ್ಕು ವರ್ಷದ ಹಿಂದೆ ಆ ವಿಷ ಗಾಜಿನ ತಟ್ಟೆಯಲ್ಲಿದ್ದ ಕ್ಯಾನ್ಸರ್ ಕೋಶಗಳನ್ನು ಕೊಂದಿತು. ಎಲ್ಲರೂ ಕುಣಿದಾಡಿದರು. ಆಮೇಲೆ ಮೂರು ವರ್ಷ ಕಳಿಸಿದ ಯಾವ ಸ್ಪಂಜಿನಲ್ಲೂ ಏನೂ ಸಿಗಲಿಲ್ಲ.

ಸಿಗುವುದಾದರೂ ಹೇಗೆ? ಪ್ರಯೋಗಾಲಯದ ಸಹಾಯಕರು ಪ್ರತಿಯೊಂದು ತುಂಡನ್ನೂ ನಲ್ಲಿಯ ಕೆಳಗೆ ಹಿಡಿದು ಫಳಫಳ ತೊಳೆಯುತ್ತಿದ್ದರು. ವಿಷ ತಯಾರಿಸುವ ಸೂಕ್ಷ್ಮಜೀವಿಗಳಿದ್ದದ್ದೇ ಆ ಲೋಳೆಯಲ್ಲಿ. ಮೊದಲ ಸಲದ ಸ್ಪಂಜು ರಜಾದಿನ ಬಂದಿತ್ತು, ತೊಳೆಯುವವರಿಲ್ಲದೆ ನೇರ ಫ್ರೀಜರಿಗೆ ಹೋಗಿತ್ತು, ಬಚಾವಾಗಿತ್ತು.

"ತೊಳೀಬೇಡಿ ಅಂತ ಮೊದಲ ದಿನವೇ ಬಡ್ಕೊಂಡೆ. ಲೋಳೆ ಮುಟ್ಟಿದ್ರೆ ಬೆರಳು ಜುಮ್ ಅನ್ನುತ್ತೆ, ತೊಳೆದ್ಮೇಲೆ ಏನೂ ಇಲ್ಲ. ಪ್ರಯೋಗಾಲಯದ ದೊಡ್ಡ ಸಾಹೇಬ್ರು, ‘ನೀವು ಮುಳುಗೋದು ನೋಡ್ಕೊಳಿ ಅಮ್ಮ’ ಅಂದ್ರು."

ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಸಮುದ್ರದ ತಳದಲ್ಲಿ ಕಿವಿ ಕಳೆದುಕೊಂಡವರು ಇವರು, ಕಿವುಡರಾದವರು ದಡದಲ್ಲಿ ಕುರ್ಚಿ ಹಾಕಿ ಕೂತವರು! ಕೊನೆಗೆ ಈ ವರ್ಷ ತೊಳೆಯದ ತುಂಡು ಪರೀಕ್ಷಿಸಿ ಸಾಹೇಬರು ಸತ್ಯ ‘ಕಂಡುಹಿಡಿದರು’. ವರದಿಯಲ್ಲಿ ಅವರ ಫೋಟೋ ಇದೆ. ಮುಳುಗಕ್ಕನ ಪಾಲಿಗೆ ಮೂರು ಪದ: ‘ಸ್ಥಳೀಯ ಕೂಲಿಯಿಂದ ಸಂಗ್ರಹ’.

ಅದೇ ಮೂರು ವರ್ಷ ಕ್ಯಾನ್ಸರ್ ಆಗಿದ್ದ ಇವರ ತಂಗಿ ಆಸ್ಪತ್ರೆಯ ಮಂಚದಿಂದ ವಾರವಾರವೂ ಕೇಳುತ್ತಿದ್ದಳು, "ನಿನ್ನ ಸ್ಪಂಜು ಏನಾಯ್ತೇ?" ಹೋದ ವರ್ಷ ತೀರಿಕೊಂಡಳು.

"ಅವಳು ಉಳೀತಿದ್ಲು ಅಂತ ನಾನು ಹೇಳಲ್ಲ. ಔಷಧಿ ಆಗೋದಾದ್ರೂ ಇನ್ನೂ ಹತ್ತು ಹದಿನೈದು ವರ್ಷ ಬೇಕಂತೆ. ಆದ್ರೆ ಇನ್ಯಾರದೋ ತಂಗಿಗೆ ಮೂರು ವರ್ಷ ತಡ ಆಯ್ತಲ್ಲ, ಅದಕ್ಕೆ ಯಾರನ್ನ ಕೇಳ್ಲಿ?"

ಇಷ್ಟಾದರೂ ಹೋದ ವಾರ ಹೊಸ ಸಹಾಯಕನೊಬ್ಬ ಇಡೀ ಬುಟ್ಟಿ ಸ್ಪಂಜನ್ನು ಮತ್ತೆ ತೊಳೆದಿಟ್ಟಿದ್ದಾನೆ. ಉಳಿದಿರುವುದು ಇವತ್ತಿನ ಈ ನಾಲ್ಕು ತುಂಡು.

ಪ್ರಯೋಗಾಲಯದ ಬಾಗಿಲಲ್ಲಿ ಸಹಾಯಕ ಕೈಚಾಚುತ್ತಾನೆ. ಮುಳುಗಕ್ಕ ಸ್ಪಂಜಿನ ಡಬ್ಬ ಕೊಡುವುದಿಲ್ಲ. ಒದ್ದೆ ಕಾಲಲ್ಲೇ ಒಳಗೆ ನಡೆದು, ತಾವೇ ಫ್ರೀಜರಿನಲ್ಲಿಟ್ಟು, ಅದರ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ.

"ವರದೀಲಿ ನನ್ನ ಹೆಸರು ಹಾಕೋದು ಬಿಡೋದು ಅವರಿಷ್ಟ. ಆ ನಲ್ಲಿ ಮೇಲೆ ‘ಸ್ಪಂಜು ತೊಳೀಬೇಡಿ’ ಅಂತ ದಪ್ಪಕ್ಕೆ ಬರೆದು ಅಂಟಿಸ್ಲಿ. ಅಲ್ಲೀವರೆಗೂ ನಾನು ಇಲ್ಲಿಂದ ಕದಲಲ್ಲ."