ಎಡತೋಳು ನಾಲ್ಕು ಬೆರಳು ಗಿಡ್ಡ

ಹೊಲಿಗೆಯಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ. ಆದರೆ ಅವಳದೂ ತಪ್ಪಲ್ಲ ಬಿಡಿ. ನಲವತ್ತು ವರ್ಷದ ಕಸುಬಿನಲ್ಲಿ ಅವಳು ಕೆಡಿಸಿದ್ದು ಒಂದೇ ಒಂದು ಅಂಗಿ. ಜನ ತಲೆಯ ಮೇಲೆ ಹೊತ್ತು ಮೆರೆಸಿದ್ದು ಅದನ್ನೇ ಅಂದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ?

ಅದು ಮಾಟದ ಮೇಷ್ಟ್ರ ಕಪ್ಪು ನಿಲುವಂಗಿ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು ಆ ಕೆಲಸ ಬಿಟ್ಟು, ಸತ್ತವರ ಜೊತೆ ಮಾತಾಡಿಸಿಕೊಡುತ್ತೇನೆಂದು ಹೊರಟ ಮಹಾನುಭಾವರು ಅವರು. ಪತ್ರಿಕೆಯವರು ಢೋಂಗಿ ಎಂದು ಬರೆದರು, ಪೊಲೀಸರು ಎರಡು ಸಲ ಠಾಣೆಗೆ ಕರೆದೊಯ್ದರು, ಶಿಷ್ಯರು ಕಾಲಿಗೆ ಬಿದ್ದರು. ನಲವತ್ತು ವರ್ಷದ ಹಿಂದೆ ಮೇಷ್ಟ್ರ ಮೊಟ್ಟಮೊದಲ ಸಭೆಗೆ ಅಂಗಿ ಬೇಕಿತ್ತು. ಹೊಲಿಗೆಯಮ್ಮ ಆಗಷ್ಟೇ ಅಂಗಡಿ ಇಟ್ಟಿದ್ದಳು. ಅಳತೆಯೇನೋ ಸರಿಯಾಗಿಯೇ ತೆಗೆದಳು, ಕತ್ತರಿಸುವಾಗ ಎಡತೋಳು ನಾಲ್ಕು ಬೆರಳು ಗಿಡ್ಡವಾಯಿತು. ಬಟ್ಟೆ ಮಿಕ್ಕಿರಲಿಲ್ಲ.

"ಇವತ್ತು ಹೇಗೋ ಹಾಕ್ಕೊಳ್ಳಿ ಮೇಷ್ಟ್ರೇ. ನಾಳೆ ತನ್ನಿ, ಬೇರೆ ತೋಳು ಇಟ್ಕೊಡ್ತೀನಿ," ಎಂದಿದ್ದಳು.

ಮೇಷ್ಟ್ರು ತರಲೇ ಇಲ್ಲ. ಎಡ ಮಣಿಕಟ್ಟು ಬರಿದಾಗಿರಬೇಕು, ಕಾಣದ ಲೋಕ ಕೈ ಹಿಡಿಯುವುದು ಅಲ್ಲೇ ಎಂಬ ಸಿದ್ಧಾಂತ ಹೊರಟಿತು! ಶಿಷ್ಯರೆಲ್ಲ ಗಿಡ್ಡ ತೋಳಿನ ಅಂಗಿಗೆ ಅವಳ ಅಂಗಡಿಗೇ ಬಂದರು. "ನೆಟ್ಟಗಿರೋ ಅಂಗಿ ಬೇಕಾದ್ರೆ ಬನ್ನಿ, ಇಲ್ಲಾಂದ್ರೆ ದಾರಿ ನೋಡ್ಕೊಳ್ಳಿ," ಎಂದು ಅಟ್ಟಿದಳು. ತಪ್ಪು ನನ್ನದು ಎನ್ನಲು ಮಾತ್ರ ನಾಲಿಗೆ ಏಳಲಿಲ್ಲ. ಮೇಷ್ಟ್ರು ಎದುರಿಗೆ ಬಂದು ನಮಸ್ಕಾರ ಹೇಳಿದರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

ವರ್ಷಗಳು ಕಳೆದವು. ಅವಳ ಮಗಳ ಮದುವೆಯಾಯಿತು, ಅವಳ ಕಣ್ಣಿಗೆ ದಪ್ಪ ಕನ್ನಡಕ ಬಂತು. ಮೇಷ್ಟ್ರು ತೀರಿಕೊಂಡರು. ಶಿಷ್ಯರು ಆ ಅಂಗಿಯನ್ನು ಅವರ ನಡುಮನೆಯಲ್ಲೇ ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಇನ್ನು ತಡೆಯುವುದು ಅವಳಿಂದ ಆಗಲಿಲ್ಲ. ಸೂಜಿಗೆ ನೂಲು ಪೋಣಿಸುವಷ್ಟು ಕಣ್ಣಿರುವಾಗಲೇ ಆ ತೋಳನ್ನು ಸರಿಮಾಡಿಯೇ ತೀರಬೇಕೆಂದು ಕಪ್ಪು ಬಟ್ಟೆ, ಸೂಜಿ, ನೂಲು ಹಿಡಿದು ಮೇಷ್ಟ್ರ ಹೆಂಡತಿಯ ಬಳಿ ಹೊರಟಳು.

"ಅಕ್ಕಾ, ಪೆಟ್ಟಿಗೆ ತೆಗೀರಿ. ಅದು ಸಿದ್ಧಾಂತನೂ ಅಲ್ಲ, ಮಣ್ಣೂ ಅಲ್ಲ. ನನ್ನ ಕತ್ತರಿ ತಪ್ಪು."

"ಗೊತ್ತು ಕಣೇ," ಎಂದರು ಮೇಷ್ಟ್ರ ಹೆಂಡತಿ. "ಮೊದಲನೇ ಸಭೇಲಿ ಒಬ್ಬ, ಇದ್ಯಾವ ಕುರುಡು ದರ್ಜಿ ಹೊಲಿದದ್ದು ಅಂತ ನಕ್ಕ. ಸಭೆಗೆ ಸಭೆನೇ ನಕ್ಕಿತು. ನಿನ್ನ ಅಂಗಡಿ ತೆಗೆದು ಹದಿನೈದು ದಿನಾನೂ ಆಗಿರ್ಲಿಲ್ಲ. ಇವರು ಎದ್ದು, ನಾನೇ ಹೇಳಿ ಹೊಲಿಸಿದ್ದು ಅಂದ್ರು. ಯಾಕೆ ಅಂದಾಗ ಏನೋ ಒಂದು ಹೇಳ್ಬೇಕಲ್ಲ! ಮನೆಗೆ ಬಂದು, ಪಾಪ, ಆ ಹುಡುಗಿ ಹೊಟ್ಟೆ ಮೇಲೆ ಹೊಡೆಯೋಕಾಗುತ್ತಾ ಅಂದ್ರು."

"ನನಗೊಂದು ಮಾತು ಹೇಳಬಾರದಿತ್ತಾ, ಆ ಸುಳ್ಳುಬುರುಕ!"

"ಹೇಳಿದ್ರೆ, ನಿಮ್ಮ ಉಪಕಾರ ಯಾರಿಗೆ ಬೇಕು ಅಂತ ಜಗಳಕ್ಕೇ ಬಂದ್ಬಿಡ್ತಿದ್ದೆ."

ಅದೂ ನಿಜವೇ. ಹೊಲಿಗೆಯಮ್ಮನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಆ ಮನುಷ್ಯನಿಗೆ ಒಂದು ದಿನವಾದರೂ ತಿರುಗಿ ನಮಸ್ಕಾರ ಹೇಳಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಅಷ್ಟರಲ್ಲಿ ಒಳಗೆ ಬಂದ ಶಿಷ್ಯನೊಬ್ಬ ಅವಳ ಕೈಯಲ್ಲಿದ್ದ ಸೂಜಿ ನೋಡಿ ಗಾಬರಿಯಾದ. "ಅಮ್ಮಾ, ಅಂಗೀಲಿ ಏನಾದ್ರೂ ತಪ್ಪಿದೆಯಾ?"

ಹೊಲಿಗೆಯಮ್ಮ ಮೂಗು ಒರೆಸಿಕೊಂಡಳು.

"ತಪ್ಪೇನಿಲ್ಲ ಕಣಪ್ಪ. ಮೇಷ್ಟ್ರೇ ನಿಂತು, ಹೇಳಿ ಹೊಲಿಸಿದ್ದು," ಎಂದಳು.