ದೇಶದ್ರೋಹಿಯ ಮಾವಿನಕಾಯಿ

ಶ್ರೀನಿವಾಸಪುರದ ಮಾವಿನ ಮಂಡಿಗೆ ಒಂದು ವಾಟ್ಸಾಪ್ ಗ್ರೂಪ್ ಇದೆ. ಯಾವತ್ತು ಲೋಡ್ ಇದೆ ಅಂತ ತಿಳಿಯಲಿ ಎಂದು ಲಾರಿ ಓಡಿಸುವ ನನ್ನನ್ನೂ ಸೇರಿಸಿದ್ದಾರೆ. ಈಗ ಅದರಲ್ಲಿ ಲೋಡಿಗಿಂತ ದೇಶದ ಸುದ್ದಿಯೇ ಜಾಸ್ತಿ. ಮೊನ್ನೆ ಯಾವುದೋ ಬಾವುಟದ ವಿಡಿಯೋ ವಿಷಯಕ್ಕೆ ಗೌನಿಪಲ್ಲಿಯ ತೋಟದ ನಾರಾಯಣರೆಡ್ಡಿಗೂ ಮಂಡಿಯ ವ್ಯಾಪಾರಿ ಮುನಿಶಾಮಪ್ಪನಿಗೂ ಜಗಳ ಹತ್ತಿಕೊಂಡಿತು. ಇವನು ಅವನಿಗೆ ದೇಶದ್ರೋಹಿ ಅಂದ, ಅವನು ಇವನಿಗೆ ಅಂದ. ಈ ಜನ್ಮದಲ್ಲಿ ಮಾತಾಡಲ್ಲ ಅಂತ ಇಬ್ಬರೂ ಗ್ರೂಪಿನಲ್ಲೇ ಆಣೆ ಇಟ್ಟರು.

ಮಾರನೇ ದಿನ ಮಂಡಿಯಲ್ಲಿ ರೆಡ್ಡಿಯ ತೋತಾಪುರಿ ರಾಶಿ ಬಿಸಿಲಿಗೆ ಬಾಡುತ್ತಿತ್ತು. ಅಷ್ಟೂ ಕಾಯಿ ಒಟ್ಟಿಗೆ ಕೊಳ್ಳುವ ತಾಕತ್ತು ಇದ್ದದ್ದು ಮುನಿಶಾಮಪ್ಪನಿಗೆ ಮಾತ್ರ. ಇವತ್ತಿನ ನನ್ನ ಬಾಡಿಗೆ ದೇಶಕ್ಕೆ ಅರ್ಪಣೆ ಅಂದುಕೊಂಡೆ.

ಆಗ ರೆಡ್ಡಿ ಹೆಗಲ ಮೇಲಿನ ಟವೆಲ್ ತೆಗೆದು ಕೈ ಮೇಲೆ ಹರಡಿದ. ಇಲ್ಲಿ ಹಳಬರು ರೇಟನ್ನು ಬಾಯಲ್ಲಿ ಹೇಳುವುದಿಲ್ಲ, ಟವೆಲ್ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಮುನಿಶಾಮಪ್ಪ ಬಂದು ಕೈ ತೂರಿಸಿದ. ಒಬ್ಬ ನನ್ನ ಲಾರಿ ನೋಡುತ್ತಿದ್ದ, ಇನ್ನೊಬ್ಬ ಆಕಾಶ. ಬೆರಳು ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಕೊನೆಗೆ ಇಬ್ಬರೂ ತಲೆಯಾಡಿಸಿದರು. ಲೋಡ್ ಶುರುವಾಯಿತು.

"ಏನ್ ರೆಡ್ಡಿಗಾರೂ, ಮಾತಾಡಲ್ಲ ಅಂದಿದ್ರಲ್ಲ?" ಅಂದೆ.

"ಏಮಣ್ಣಾ, ನಾವೆಲ್ಲಿ ಮಾತಾಡಿದ್ವಿ?" ಅಂದ ರೆಡ್ಡಿ.

ದಾರಿಯಲ್ಲಿ ಟೀಗೆ ನಿಲ್ಲಿಸಿದಾಗ ಫೋನ್ ನೋಡಿದೆ. ರೆಡ್ಡಿ ಗ್ರೂಪಿನಲ್ಲಿ ಬರೆದಿದ್ದ: "ದೇಶದ್ರೋಹಿಗಳ ಜೊತೆ ವ್ಯಾಪಾರ ಮಾಡೋರೂ ದೇಶದ್ರೋಹಿಗಳೇ."

ಅದರ ಕೆಳಗೆ ಎದ್ದು ನಿಂತಿದ್ದ ಮೊದಲ ಹೆಬ್ಬೆರಳು ಮುನಿಶಾಮಪ್ಪನದು.